ಬಾಣಂತಿ ಕಾರಿನ ಗಾಜು

ಸಂಕ್ರಾಂತಿ ಕಳೆದು ಎಂಟು ದಿನವಾಗಿದ್ದರೂ ಹಾಗಲವಾಡಿ ಕಡೆ ಚಳಿ ಇನ್ನೂ ಎದ್ದು ಹೋಗುವ ಮನಸ್ಸು ಮಾಡಿರಲಿಲ್ಲ. ಹೊಲದ ರಾಗಿಯೆಲ್ಲ ಮೆದೆಯಾಗಿ, ಮೆದೆಗಳೂ ಅರ್ಧಕ್ಕರ್ಧ ಕರಗಿದ್ದವು. ಕಣ ಇದ್ದವರು ಕಣದಲ್ಲಿ ಒಕ್ಕಣೆ ಮಾಡುತ್ತಿದ್ದರೆ, ಇಲ್ಲದವರು ಟಾರು ರಸ್ತೆಯ ಮೇಲೇ ಹುರುಳಿ ಹರಡಿ, ಹೋಗುವ ಬರುವ ಬಸ್ಸು ಲಾರಿಗಳ ಕೈಲಿ ಪುಕ್ಕಟೆ ತುಳಿಸಿಕೊಳ್ಳುತ್ತಿದ್ದರು. ಹೆಂಗಸರು ಇಬ್ಬನಿ ಆರುವ ಮೊದಲೇ ಅವರೆಕಾಯಿ ಕಿತ್ತು, ಸೊಗಡು ಹತ್ತಿದ ಕೈ ಮೂಸಿಕೊಳ್ಳುತ್ತ ಮನೆಗೆ ಬರುತ್ತಿದ್ದರು. ಹಾಲಿನ ಡೈರಿಯ ಮುಂದೆ ಕ್ಯಾನು ಹಿಡಿದವರು ತಲೆಗೆ ಟವಲು ಸುತ್ತಿಕೊಂಡು ಸಾಲಾಗಿ ನಿಂತಿದ್ದರು.

ಆ ಸಾಲನ್ನು ಡೈರಿ ಸೆಕ್ರೆಟರಿ ಚಿಕ್ಕಮಾರಯ್ಯ ಆ ಬುಧವಾರ ಎಂದೂ ಇಲ್ಲದ ವೇಗದಲ್ಲಿ ಕರಗಿಸುತ್ತಿದ್ದ. ಬೇರೆ ದಿನವಾದರೆ ಹಾಲಿನೊಳಕ್ಕೆ ಕಡ್ಡಿ ಇಳಿಸಿ, ಅದು ಎಷ್ಟಕ್ಕೆ ನಿಲ್ಲುತ್ತದೆಂದು ಕಣ್ಣು ಕಿರಿದು ಮಾಡಿ ನೋಡಿ, ಹಾಲು ತಂದವರ ಮುಖವನ್ನೂ ಅದೇ ಕಣ್ಣಿನಲ್ಲಿ ಒಮ್ಮೆ ಅಳೆದು ಬಿಡುವವನು.

"ಇವತ್ ಡಿಗ್ರಿ ನೋಡಲ್ವ ಸೆಕ್ರೆಟ್ರಿ?" ಎಂದಳು ಸಾಲಿನಲ್ಲಿದ್ದ ಹೆಂಗಸು.

"ಇವತ್ತು ನಿನ್ನ ಎಮ್ಮೆ ಮೇಲೆ ನಂಬಿಕೆ ಇಟ್ಟಿದೀನಿ, ಹೋಗವ್ವ."

ಅವಸರಕ್ಕೆ ಕಾರಣವಿತ್ತು. ಮಗಳು ನೇತ್ರಾವತಿಯ ಕೂಸಿಗೆ ಐದನೇ ತಿಂಗಳು. ಅಂದು ಬಾಣಂತಿಯನ್ನೂ ಕೂಸನ್ನೂ ಕುಣಿಗಲ್‌ನ ಗಂಡನ ಮನೆಗೆ ಕರೆದೊಯ್ದು ಒಪ್ಪಿಸಬೇಕಿತ್ತು. ಹನ್ನೆರಡಕ್ಕೆ ರಾಹುಕಾಲ ಶುರು. ಅಷ್ಟರೊಳಗೆ ಕೂಸು ಆ ಮನೆಯ ಹೊಸಲು ದಾಟಬೇಕು. ಗುಬ್ಬಿ, ತುಮಕೂರು ಮೇಲೆ ಹೋದರೆ ನಿಧಾನವಾಗಿ ಹೋದರೂ ಮೂರು ಗಂಟೆಯ ದಾರಿ. ಆರೂವರೆಗೆ ಹೊರಟರೆ ಬೇಕಾದಷ್ಟು ಹೊತ್ತು ಮಿಗುತ್ತದೆ ಎಂದು ಯಾರಾದರೂ ಹೇಳಬಹುದಿತ್ತು. ಆದರೆ ಚಿಕ್ಕಮಾರಯ್ಯನಿಗೆ ಈ ಪ್ರಯಾಣ ಬರೀ ಪ್ರಯಾಣವಾಗಿರಲಿಲ್ಲ.

ಮೂರು ವರ್ಷದ ಹಿಂದೆ ನೇತ್ರಾವತಿಯ ಮದುವೆ ಕುಣಿಗಲ್‌ನಲ್ಲಿ ನಡೆದಾಗ, ಹೆಣ್ಣಿನ ಕಡೆಯವರ ಬಾಡಿಗೆ ಬಸ್ಸು ಹೆಬ್ಬೂರಿನ ಹತ್ತಿರ ಉಸಿರು ನಿಲ್ಲಿಸಿತು. ಬೀಗ ಓಬಳಯ್ಯ ತನ್ನ ಟ್ರ್ಯಾಕ್ಟರು ಕಳಿಸಿದ. ರೇಷ್ಮೆ ಸೀರೆ ಉಟ್ಟ ಮದುವಣಗಿತ್ತಿ, ನೆಂಟರಿಷ್ಟರು, ತಾಂಬೂಲದ ಚೀಲಗಳು, ಎಲ್ಲವೂ ಟ್ರೈಲರಿನಲ್ಲಿ ಹುಲ್ಲಿನ ಮೇಲೆ ಕೂತು ಛತ್ರದ ಬಾಗಿಲಿಗೆ ಬಂದಿಳಿದವು. ಉಪಕಾರವೇನೋ ಆಯಿತು. ಆದರೆ ಅಂದಿನಿಂದ ಓಬಳಯ್ಯ ಯಾವ ಸಮಾರಂಭದಲ್ಲಿ ಯಾವ ಹೊಸಬರು ಸಿಕ್ಕರೂ ಚಿಕ್ಕಮಾರಯ್ಯನ ಹೆಗಲ ಮೇಲೆ ಕೈಯಿಟ್ಟು, "ಇವ್ರು ನಮ್ ಬೀಗ್ರು. ಹೆಣ್ಣನ್ನ ನಮ್ ಟ್ರ್ಯಾಕ್ಟ್ರಲ್ಲೇ ತುಂಬ್ಕೊಂಡ್ ಬಂದ್ವಿ" ಎಂದು ಪರಿಚಯಿಸುತ್ತಿದ್ದ. ಕೆಟ್ಟ ಮನಸ್ಸಿನಿಂದ ಹೇಳುತ್ತಿರಲಿಲ್ಲ. ಈ ಸಲ ಮಳೆ ಚೆನ್ನಾಗಾಯ್ತು ಎನ್ನುವ ಹಾಗೆ ಹೇಳುತ್ತಿದ್ದ. ಹಾಗಾಗಿ ಜಗಳಕ್ಕೂ ದಾರಿಯಿರಲಿಲ್ಲ.

ಕೂಸು ಹುಟ್ಟಿದ ಮೂರನೇ ತಿಂಗಳಿಗೆ ಓಬಳಯ್ಯ ಫೋನು ಮಾಡಿ, "ಕರ್ಕೊಂಡ್ ಬರಕ್ಕೆ ಗಾಡಿ ಕಳಿಸ್ಲಾ ಬೀಗ್ರೆ?" ಎಂದ. ಆ ಮಾತು ಕಿವಿಯಲ್ಲಿರುವಾಗಲೇ ಚಿಕ್ಕಮಾರಯ್ಯ ತುಮಕೂರಿಗೆ ಹೋಗಿ ಕಾಲೇಜು ಲೆಕ್ಚರರೊಬ್ಬರ ಹಳೇ ಬಿಳಿ ಕಾರು ಕೊಂಡು ತಂದ. ಗುಬ್ಬಿಯ ಡ್ರೈವಿಂಗ್ ಸ್ಕೂಲಿನಲ್ಲಿ ಓಡಿಸುವುದನ್ನು ಕಲಿತ. ಕಲಿತ ಮೇಲೆ ಫೋನು ಮಾಡಿ, "ನಮ್ ಕಾರಲ್ಲೇ ಬರ್ತೀವಿ. ಹನ್ನೆರಡರೊಳಗೆ ನಿಮ್ ಮೊಮ್ಮಗ ನಿಮ್ ಹೊಸಲು ದಾಟಿರ್ತಾನೆ" ಎಂದ. ಅಂದರೆ, ಆ ಟ್ರ್ಯಾಕ್ಟರಿನ ಋಣ ಆ ಬುಧವಾರ ಹನ್ನೆರಡು ಗಂಟೆಗೆ ತೀರಬೇಕಿತ್ತು.

ಕಾರು ಹೊರಡುವಾಗ ಅದರ ಒಳಗಿನ ಆಡಳಿತವನ್ನೆಲ್ಲ ಚಿಕ್ಕಮಾರಯ್ಯನ ತಾಯಿ ನರಸಿಂಹಮ್ಮ ವಹಿಸಿಕೊಂಡಳು. ಎಂಬತ್ತು ದಾಟಿದ ಜೀವ. ಊರಿನ ಅರ್ಧ ಬಾಣಂತನ ಮಾಡಿಸಿದವಳು. ಅವಳ ಕಾನೂನಿನಲ್ಲಿ ಮೊದಲನೆಯದು, ಬಾಣಂತಿಗೆ ಗಾಳಿ ಸೋಕಬಾರದು. ಎರಡನೆಯದೂ ಅದೇ.

"ಗಾಜೆಲ್ಲ ಏರಿಸ್ಲಾ. ಒಂದ್ ದಾರ ತೂರೋವಷ್ಟು ಸಂದೀನೂ ಇರ್ಬಾರ್ದು" ಎಂದು ಹಿಂದಿನ ಸೀಟಿನ ಒಂದು ಮೂಲೆಯಲ್ಲಿ ಮೊಮ್ಮಗಳನ್ನು ಕೂಸಿನ ಸಮೇತ ಕಂಬಳಿಯಲ್ಲಿ ಕಟ್ಟಿ ಕೂರಿಸಿ, ತಾನು ಇನ್ನೊಂದು ಮೂಲೆ ಹಿಡಿದಳು. ನೇತ್ರಾವತಿಯ ಕಿವಿಗೆ ಹತ್ತಿ. ತನ್ನ ಕಿವಿಗೂ ಹತ್ತಿ. ಅದು ಬೀಳದಿರಲೆಂದು ಗದ್ದದ ಕೆಳಗಿಂದ ಬಟ್ಟೆ ತಂದು ನೆತ್ತಿಯ ಮೇಲೆ ಗಂಟು ಹಾಕಿಕೊಂಡು, ಮೇಲೆ ಬಿಳೀ ದುಪ್ಪಟಿ ಹೊದ್ದಳು. ಮೊಬೈಲು ಕೂಸಿಗಾಗದು ಎಂದು ನೇತ್ರಾವತಿಯ ಫೋನು ಆರಿಸಿ ಬಟ್ಟೆಯ ಬ್ಯಾಗಿನ ತಳ ಸೇರಿಸಿದಳು. ದಾರಿಯಲ್ಲಿ ಏನೂ ಸೋಂಕದಿರಲಿ ಎಂದು ಕಾರಿನೊಳಗೆ ಮುಂದುಗಡೆ ಇದ್ದ ಪುಟ್ಟ ನರಸಿಂಹಸ್ವಾಮಿಗೆ ಒಂದು ಹಿಡಿ ಊದುಬತ್ತಿ ಹಚ್ಚಿಸಿದಳು. ಮುಂದಿನ ಸೀಟಿನಲ್ಲಿ ಚಿಕ್ಕಮಾರಯ್ಯನ ಹೆಂಡತಿ ಹೊಂಬಾಳಮ್ಮ ಕೂತಳು. ಅವಳ ತೊಡೆಯ ಮೇಲೆ, ಆಗತಾನೆ ಒಲೆಯಿಂದಿಳಿದ ಹಿತಕಿದ ಅವರೆಬೇಳೆ ಸಾರಿನ ದೊಡ್ಡ ಪಾತ್ರೆ. ಬೀಗರ ಮನೆಗೆ ಬರಿಗೈಯಲ್ಲಿ ಹೋಗುವುದುಂಟೆ?

ಊರು ದಾಟಿ ಒಂದು ಮೈಲಿ ಹೋಗಿಲ್ಲ, ಕಾರಿನ ಗಾಜುಗಳೆಲ್ಲ ಸುಣ್ಣ ಹೊಡೆದ ಹಾಗೆ ಬೆಳ್ಳಗಾದವು.

"ಎಂಥಾ ಮಂಜು ನೋಡೇ!" ಎಂದ ಚಿಕ್ಕಮಾರಯ್ಯ. ಮಾತು ಅರ್ಧ ನಿಜ. ಆ ಹೊತ್ತಿನಲ್ಲಿ ಹೊರಗೂ ಮಂಜಿತ್ತು. ಆದರೆ ಹೊರಗಿನ ಮಂಜು ಹೊತ್ತೇರಿದಂತೆ ತನ್ನ ಪಾಡಿಗೆ ತಾನು ಎದ್ದುಹೋಯಿತು. ಒಳಗಿನದು ನಾಲ್ಕು ಜನರ ಉಸಿರು, ಕೂಸಿನ ಉಸಿರು, ಸಾರಿನ ಹಬೆ ಎಲ್ಲ ಕುಡಿದು ದಪ್ಪವಾಗುತ್ತ ಬಂತು. ಈ ಎರಡು ಮಂಜಿನ ವ್ಯತ್ಯಾಸ ಅವನಿಗೆ ಬಹಳ ಹೊತ್ತು ಹೊಳೆಯಲಿಲ್ಲ. ಡ್ರೈವಿಂಗ್ ಸ್ಕೂಲಿನವರು ಮಂಜಿದ್ದಾಗ ಏನು ಮಾಡಬೇಕೆಂದು ಹೇಳಿಕೊಟ್ಟಿದ್ದರು. ಅದನ್ನು ಅಕ್ಷರಶಃ ಮಾಡಿದ. ಹೆಡ್‌ಲೈಟು ಹಾಕಿದ. ನಾಲ್ಕೂ ಮೂಲೆಯ ದೀಪ ಮಿಣಿಮಿಣಿ ಮಾಡಿಸಿದ. ಎತ್ತಿನ ಗಾಡಿಯ ವೇಗಕ್ಕೆ ಇಳಿಸಿ, ಎರಡು ನಿಮಿಷಕ್ಕೊಮ್ಮೆ ಹಾರನ್ನು ಒತ್ತಿದ. ಹೊಂಬಾಳಮ್ಮ ಒಂದು ಕೈಯಲ್ಲಿ ಸಾರಿನ ಪಾತ್ರೆ ಹಿಡಿದು, ಇನ್ನೊಂದು ಕೈಯಿಂದ ಗಂಡನ ಟವಲಿನಲ್ಲಿ ಗಾಜು ಒರೆಸಿದಳು. ಒರೆಸಿದ ಕಡೆ ರೊಟ್ಟಿಯಗಲದ ಕಿಂಡಿ ಬಿದ್ದು, ಅದು ಬಿಲ್ಲೆಯಷ್ಟಾಗಿ ಮುಚ್ಚಿಹೋಗುವಷ್ಟರಲ್ಲಿ ಮತ್ತೆ ಒರೆಸಬೇಕಾಗುತ್ತಿತ್ತು.

"ಬಲಕ್ಕೇನೋ ಕಂಡಂಗಾಯ್ತು" ಎನ್ನುವಳು.

"ಏನು?"

"ಹೋಯ್ತು. ಹಸುವೋ, ಬಸ್ಸೋ."

ಮುಂದೆ ಒಂದು ಕಡೆ ರಸ್ತೆಯ ತುಂಬ ಹುರುಳಿ ಹರಡಿತ್ತು. ಕಾರು ಅದರ ಮೇಲೆ ಮೆಲ್ಲಮೆಲ್ಲನೆ, ಒಂದೊಂದು ಕಾಯಿಯನ್ನೂ ವಿಚಾರಿಸಿಕೊಂಡು ಹೋಗುವ ಹಾಗೆ ಹೋಯಿತು. ಪಕ್ಕದಲ್ಲಿ ಮೊರ ಹಿಡಿದು ನಿಂತಿದ್ದ ಹೆಂಗಸು, "ಬಸ್ನೋರು ಜರ್ರಂತ ಹೋಗ್ಬುಡ್ತಾರೆ. ಇಂಗ್ ಓಡಿಸ್ಬೇಕು ನೋಡು! ಅಣ್ಣೋ, ಇನ್ನೊಂದ್ ಸುತ್ತು ಬಾರಣ್ಣ" ಎಂದು ಕೂಗಿದ್ದು ಒಳಕ್ಕೆ ಕೇಳಿಸಿತು. ತನ್ನ ಓಡಿಸುವಿಕೆಯನ್ನು ಜನ ಮೆಚ್ಚಿದ್ದು ಅದೇ ಮೊದಲು. ಚಿಕ್ಕಮಾರಯ್ಯ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತ.

ಗುಬ್ಬಿ ತಲುಪುವಾಗ ಎಂಟೂವರೆ ದಾಟಿತ್ತು. ಮೋಡ ಕವಿದು ಚಳಿ ಹಾಗೇ ಇದ್ದರೂ ರಸ್ತೆ ಕನ್ನಡಿಯಂತೆ ಸ್ವಚ್ಛವಾಗಿತ್ತು. ಆ ಸ್ವಚ್ಛ ರಸ್ತೆಯಲ್ಲಿ ಒಂದು ಬಿಳೀ ಕಾರು, ಹಗಲಲ್ಲೇ ದೀಪ ಉರಿಸಿಕೊಂಡು, ಗಾಜೆಲ್ಲ ಮುಚ್ಚಿಕೊಂಡು, ನಡೆಯುವವರ ಹೆಜ್ಜೆಗೆ ಹೆಜ್ಜೆ ಕೂಡಿಸಿಕೊಂಡು ಬರುವುದನ್ನು ಗುಬ್ಬಿಯವರು ನಿಂತು ನೋಡಿದರು. ಬಸ್ ಸ್ಟ್ಯಾಂಡಿನ ಮುಂದೆ ಚಿಕ್ಕಮಾರಯ್ಯ ನಿಲ್ಲಿಸಿ ಇಳಿದ. ಹೊರಗಿನ ಗಾಜು ತೊಳೆದರೆ ಸರಿಹೋದೀತು ಎಂಬುದು ಅವನ ಲೆಕ್ಕ. ತಲೆಗೆ ಚಳಿಗೆಂದು ಸುತ್ತಿದ ಇನ್ನೊಂದು ಟವಲು. ಊದುಬತ್ತಿಯ ಹೊಗೆಗೆ ಕಣ್ಣು ಕೆಂಪಗಾಗಿ ನೀರು ಧಾರಾಕಾರ ಇಳಿಯುತ್ತಿತ್ತು.

ಅಲ್ಲಿ ಹೂವಿನ ಅಂಗಡಿ ಇಟ್ಟಿದ್ದವನು ಗಂಗಾಧರ. ಓಬಳಯ್ಯನ ದಾಯಾದಿ, ಮದುವೆಯಲ್ಲಿ ಎರಡು ಪಂಕ್ತಿ ಉಂಡವನು. ಚಿಕ್ಕಮಾರಯ್ಯನನ್ನು ಕಂಡವನೇ ಕಟ್ಟುತ್ತಿದ್ದ ಹಾರ ಬಿಟ್ಟು ಓಡಿಬಂದ.

"ಅಣ್ಣ, ಇದೇನಣ್ಣ ಹಿಂಗೆ?"

"ಮಾತಾಡಕ್ಕೆ ಹೊತ್ತಿಲ್ಲ ಗಂಗಾಧರ. ಹನ್ನೆರಡರೊಳಗೆ ಕುಣಿಗಲ್ ಸೇರ್ಬೇಕು" ಎಂದು ಚಿಕ್ಕಮಾರಯ್ಯ ಮೂಗು ಸೀಟಿ ಕಣ್ಣೊರೆಸಿಕೊಂಡ.

ನೀರಿನ ಬಾಟಲಿ ತೆಗೆಯಲು ಅವನು ಹಿಂದಿನ ಬಾಗಿಲನ್ನು ಒಂದು ಗೇಣು ತೆರೆದ. ಗಂಗಾಧರ ಇಣುಕಿದ. ಒಳಗಿಂದ ಊದುಬತ್ತಿಯ ಹೊಗೆ ದಟ್ಟವಾಗಿ ಹೊರಬಂತು. ಹೊಗೆಯ ಹಿಂದೆ ನರಸಿಂಹಮ್ಮ ಕಂಡಳು. ಬಿಳೀ ದುಪ್ಪಟಿ. ಗದ್ದದಿಂದ ನೆತ್ತಿಗೆ ಬಿಗಿದ ಬಟ್ಟೆ. ಕಿವಿಗೆ ಹತ್ತಿ. ಬೆಳಗಿನ ನಾಲ್ಕಕ್ಕೇ ಎದ್ದಿದ್ದ ಮುದುಕಿ ಬಾಯಿ ಅರೆ ತೆರೆದು, ಕತ್ತು ವಾಲಿಸಿ, ಗಾಢ ನಿದ್ದೆಯಲ್ಲಿದ್ದಳು. ಬಾಗಿಲು ಮುಚ್ಚಿತು. ಗಂಗಾಧರನಂಥ ತಿಳಿದವನಿಗೆ ಇದಕ್ಕಿಂತ ಹೆಚ್ಚಿನ ಪುರಾವೆ ಬೇಕಿರಲಿಲ್ಲ.

ಅವನು ಅಂಗಡಿಗೆ ಹೋಗಿ, ಇದ್ದುದರಲ್ಲೇ ದೊಡ್ಡ ಸೇವಂತಿಗೆ ಹಾರ ತಂದು ಕಾರಿನ ಮೂತಿಗೆ ಅಡ್ಡಲಾಗಿ ಕಟ್ಟಿ ಕೈಮುಗಿದ.

"ಹೊಸ ಕಾರಲ್ಲ ಕಣೋ, ಸೆಕೆಂಡ್ ಹ್ಯಾಂಡು" ಎಂದ ಚಿಕ್ಕಮಾರಯ್ಯ ಸಂಕೋಚದಿಂದ. "ಎಷ್ಟಾಯ್ತು ಇದು?"

"ಇಂಥಾ ಹೊತ್ತಲ್ಲಿ ದುಡ್ಡು ಇಸ್ಕೊಂಡ್ರೆ ನಾನು ಮನುಷ್ಯನಾ ಅಣ್ಣ?" ಎಂದು ಗಂಗಾಧರ ಇನ್ನೊಮ್ಮೆ ಕೈಮುಗಿದ.

ಇಷ್ಟು ಒಳ್ಳೆಯ ಜನ ಬೀಗರ ಕಡೆ ಇದ್ದಾರೆಂದು ಚಿಕ್ಕಮಾರಯ್ಯನಿಗೆ ಗೊತ್ತಿರಲಿಲ್ಲ. ಮನಸ್ಸು ತುಂಬಿ ಬಂತು. ಗಾಜು ತೊಳೆದು ಹೊರಟ. ಗಾಜು ಮೊದಲಿನ ಹಾಗೇ ಇತ್ತು.

ಅಲ್ಲಿಂದ ಮುಂದಿನ ಹಾದಿಯಲ್ಲಿ ಹಾರದ ಕಾರಿಗೆ ಸಿಕ್ಕ ಮರ್ಯಾದೆ ಒಂದೆರಡಲ್ಲ. ಹಿಂದೆ ಬಂದ ಲಾರಿಗಳು ಹಾರನ್ನು ಹೊಡೆಯಲಿಲ್ಲ. ಬೈಕಿನವರು ಮುನ್ನುಗ್ಗದೆ ಸಾಲಾಗಿ ಹಿಂದೆ ಬಂದರು. ತುಮಕೂರಿನ ಸರ್ಕಲ್ಲಿನಲ್ಲಿ ಕೆಂಪು ದೀಪವಿದ್ದರೂ ಟ್ರಾಫಿಕ್ ಪೊಲೀಸಿನವನು ನಾಲ್ಕು ಕಡೆಯ ವಾಹನ ನಿಲ್ಲಿಸಿ, ಕ್ಯಾಪು ತೆಗೆದು ಎದೆಗೊತ್ತಿಕೊಂಡು, ಹೋಗಿ ಎಂದು ಕೈಮಾಡಿದ. ರೊಟ್ಟಿಯಗಲದ ಕಿಂಡಿಯಲ್ಲಿ ಚಿಕ್ಕಮಾರಯ್ಯ ಅಷ್ಟನ್ನೂ ಕಂಡ.

"ನೋಡ್ದೇನೇ? ಸ್ವಂತ ಕಾರು ಅಂದ್ರೆ ಹಿಂಗೆ. ಟ್ರ್ಯಾಕ್ಟ್ರಲ್ಲಿ ಬಂದಿದ್ರೆ ಕ್ಯಾಪ್ ತೆಗೀತಿದ್ನಾ?"

"ಪಕ್ಕದಲ್ಲೊಬ್ಳು ಸೆರಗು ಬಾಯಿಗಿಟ್ಕೊಂಡ್ ಅತ್ತಂಗಿತ್ತು ಕಣ್ರೀ" ಎಂದಳು ಹೊಂಬಾಳಮ್ಮ.

"ಚಳೀಗೆ ಇಟ್ಕೊಂಡಿರ್ತಾಳೆ ಬುಡು."

ಜೇಬಿನಲ್ಲಿ ಅವನ ಫೋನು ಆಗಲೇ ಹಲವು ಸಲ ಹೊಡೆದುಕೊಂಡಿತ್ತು. ಓಡಿಸುವಾಗ ಫೋನು ಎತ್ತಬಾರದೆಂಬುದೂ ಡ್ರೈವಿಂಗ್ ಸ್ಕೂಲಿನ ಪಾಠ. ತುಮಕೂರು ದಾಟಿದ ಮೇಲೆ ನಿಲ್ಲಿಸಿ ನೋಡಿದರೆ ಓಬಳಯ್ಯನ ಹೆಸರಿನಲ್ಲಿ ಹನ್ನೊಂದು ಕರೆ. ಗಂಟೆ ಹತ್ತು. ಯಾಕೆ ಇಷ್ಟು ಸಲ ಮಾಡಿರಬಹುದು? ಲೇಟಾಯಿತೆಂದು, ಟ್ರ್ಯಾಕ್ಟರು ಕಳಿಸಲಾ ಎಂದು ಕೇಳಲು. ಇನ್ನೇನಿರುತ್ತದೆ? ಫೋನನ್ನು ಮತ್ತೆ ಜೇಬಿಗಿಳಿಸಿ, "ಕಳಿಸ್ತಾನಂತೆ ಟ್ರ್ಯಾಕ್ಟ್ರು" ಎಂದು ಹಲ್ಲು ಕಚ್ಚಿದ.

ಹಾಗೆ ನಿಂತದ್ದು ಕುಣಿಗಲ್ ರಸ್ತೆಯ ಒಂದು ಗ್ಯಾರೇಜಿನ ಮುಂದೆ. ಮೆಕ್ಯಾನಿಕ್ ಭೀಮರಾಜ್ ಕೈಗೆ ಹತ್ತಿದ ಗ್ರೀಸು ಒರೆಸಿಕೊಳ್ಳುತ್ತ ಬಂದು, ಹಾರ ನೋಡಿ ಮೊದಲು ಚಪ್ಪಲಿ ಬಿಟ್ಟ. ಆಮೇಲೆ ಕಿಂಡಿಯಲ್ಲಿ ಕೂಸು ಕಾಲಾಡಿಸುತ್ತಿದ್ದುದು ಕಂಡು ಮತ್ತೆ ಚಪ್ಪಲಿ ಮೆಟ್ಟಿಕೊಂಡ. ಚಿಕ್ಕಮಾರಯ್ಯನ ಕಷ್ಟ ಕೇಳಿ ಬೆರಳಿನಿಂದ ಗಾಜಿನ ಒಳಮೈಯನ್ನು ಒಮ್ಮೆ ಗೀರಿದ.

"ಸಾರ್, ಮಂಜಿರೋದು ಹೊರಗಲ್ಲ, ಒಳಗೆ. ನಿಮ್ಮಗಳ ಉಸಿರು, ಈಯಮ್ಮನ ಪಾತ್ರೆ ಹಬೆ. ಏಸಿ ಹಾಕಿ, ಒಂದೇ ನಿಮಿಷಕ್ಕೆ ಹೋಗತ್ತೆ."

ಇಷ್ಟು ಹೊತ್ತು ಹೆಣದಂತೆ ಬಿದ್ದಿದ್ದ ನರಸಿಂಹಮ್ಮ ಆ ಎರಡಕ್ಷರಕ್ಕೆ ಕಣ್ಣು ಬಿಟ್ಟಳು.

"ಯಾವನ್ಲಾ ಅವ್ನು, ಮಾಗಿ ಚಳೀಲಿ ಬಾಣಂತಿಗೆ ಏಸಿ ಹಾಕು ಅನ್ನೋನು?"

"ಇಲ್ಲ ಅಜ್ಜಿ, ಏಸಿ ಗಾಜಿಗೆ, ಬಾಣಂತಿಗಲ್ಲ—"

"ನಿಮ್ಮವ್ವನ ಬಾಣಂತನ ಯಾರ್ ಮಾಡಿದ್ದು? ಏಸಿ ಹಾಕೇ ಮಾಡಿದ್ರಾ?"

ಭೀಮರಾಜ್ ತಲೆ ಕೆರೆದುಕೊಂಡ. "ಹಂಗಾದ್ರೆ ಒಂದೆರಡು ಬೆರಳು ಗಾಜು ಇಳಿಸಿ ಅಜ್ಜಿ."

"ಆ ಎರಡ್ ಬೆರಳಲ್ಲೇ ಕಣೋ ಸನ್ನಿ ನುಗ್ಗೋದು!"

"ಸಾರಿನ ಪಾತ್ರೆನಾದ್ರೂ ಹಿಂದ್ಗಡೆ ಡಿಕ್ಕೀಲಿ ಇಡಿ."

"ಚೆಲ್ಲಿದ್ರೆ ನಿಮ್ಮಪ್ಪ ಬಂದು ಅವರೆ ಹಿತಕ್ತಾನಾ?" ಎಂದಳು ಹೊಂಬಾಳಮ್ಮ. ಅತ್ತೆ ಸೊಸೆ ಒಂದೇ ಮಾತಿಗೆ ನಿಂತದ್ದನ್ನು ಚಿಕ್ಕಮಾರಯ್ಯ ಮೂವತ್ತು ವರ್ಷದಲ್ಲಿ ಮೊದಲ ಬಾರಿಗೆ ಕಂಡ. ಅಲ್ಲಿಗೆ ರೋಗವೇನೆಂದು ತಿಳಿಯಿತು, ಮದ್ದೂ ತಿಳಿಯಿತು, ಹಾಕುವ ಹಾಗಿರಲಿಲ್ಲ. ಅವನು ಬಾಣಂತಿಯ ಮುಖ ನೋಡಿದ. ಕಂಬಳಿಯೊಳಗೆ ಬೆವರುತ್ತಿದ್ದ ನೇತ್ರಾವತಿ, "ಅಪ್ಪಾಜಿ, ಸುಮ್ನೆ ಓಡ್ಸಿ. ಇವ್ರಿಬ್ರ ಹತ್ರ ಆಗಲ್ಲ" ಎಂದಳು. ನರಸಿಂಹಮ್ಮ ಭೀಮರಾಜನ ವಂಶದವರಿಗೆಲ್ಲ ಒಂದೊಂದು ಮಾತು ಹಂಚಿ ಮತ್ತೆ ಕಣ್ಣು ಮುಚ್ಚಿದಳು. ಕಾರು ಮೊದಲಿನ ಹಾಗೇ, ಕಿಂಡಿ ನಂಬಿಕೊಂಡು ಹೊರಟಿತು.

ಇಷ್ಟರೊಳಗೆ ಕುಣಿಗಲ್‌ನಲ್ಲಿ ನಡೆದದ್ದನ್ನು ಚಿಕ್ಕಮಾರಯ್ಯನಿಗೆ ಆಮೇಲೆ ಹೇಳಿದವನು ಅಳಿಯ ಸಿದ್ಧಾರ್ಥ್. ತುಮಕೂರಿನ ಪಕ್ಕದ ಸತ್ಯಮಂಗಲದ ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಲಸ ಮಾಡುವ ಅವನು ಮಗ ಬರುತ್ತಾನೆಂದು ಅಂದು ರಜೆ ಹಾಕಿ ಬಾಗಿಲಿಗೆ ಮಾವಿನೆಲೆ ಕಟ್ಟುತ್ತಿದ್ದ. ಒಂಬತ್ತಕ್ಕೆ ಗಂಗಾಧರನ ಫೋನು ಬಂತು. "ಓಬಳಣ್ಣ, ನಿಮ್ ಬೀಗರ ತಾಯಿ ಹೋಗ್ಬುಟ್ಟವ್ರೆ. ಕಾರಲ್ಲೇ ತರ್ತಾವ್ರೆ. ನನ್ ಕಣ್ಣಾರ ನೋಡ್ದೆ, ಹಾರಾನೂ ಹಾಕ್ದೆ."

"ಇಲ್ಲಿಗ್ಯಾಕೋ ತರ್ತಾರೆ?" ಎಂದ ಓಬಳಯ್ಯ.

ಆ ಪ್ರಶ್ನೆಗೆ ಮನೆಯಲ್ಲಿ ಬಹಳ ಹೊತ್ತು ಚರ್ಚೆಯಾಯಿತು. ಚಿಕ್ಕಮಾರಯ್ಯನಿಗೆ ಹನ್ನೊಂದು ಸಲ ಫೋನು ಮಾಡಿದ್ದಾಯಿತು. ಎತ್ತಲಿಲ್ಲ. ಸೊಸೆಯದು ಸ್ವಿಚ್ ಆಫ್. ಎತ್ತದೆ ಇದ್ದದ್ದೇ ಕೊನೆಗೆ ಉತ್ತರವಾಯಿತು. ದಾರಿಯಲ್ಲೇ ಪ್ರಾಣ ಹೋಗಿದೆ, ಮರಿಮಗನನ್ನು ಹೊಸಲು ದಾಟಿಸಿಯೇ ಮಣ್ಣಿಗೆ ಹೋಗಬೇಕೆಂದು ಮುದುಕಿ ಆಸೆಪಟ್ಟಿರಬೇಕು, ಮಾತು ಕೊಟ್ಟ ಮಗ ಹಟ ಹಿಡಿದು ತರುತ್ತಿದ್ದಾನೆ ಎಂದು ತೀರ್ಮಾನವಾಯಿತು. ಓಬಳಯ್ಯನ ಹೆಂಡತಿ ಗಂಗಾಂಬಿಕೆ ಒಂದು ಕಡೆ ಅತ್ತಳು, ಇನ್ನೊಂದು ಕಡೆ ಸಿಡಿದಳು.

"ಹಸೀ ಬಾಣಂತೀನ ಹೆಣದ್ ಪಕ್ಕ ಕೂರಿಸ್ಕೊಂಡ್ ಬರೋದಾ? ಸೂತಕದ ಕೂಸು ಹೊಸಲು ದಾಟಂಗಿಲ್ಲ. ಹಂಗೇ ತಿರುಗ್ಸಿ ಊರಿಗೆ ಕಳ್ಸಿ. ತಿಥಿ ಕಳೆದ್ಮೇಲೆ ನಮ್ ಗಾಡೀಲೇ ಹೋಗಿ ತಂದ್ರಾಯ್ತು."

ಆರತಿ ತಟ್ಟೆಯ ಕುಂಕುಮದ ನೀರು ಬಚ್ಚಲಿಗೆ ಹೋಯಿತು. ರಂಗೋಲಿಯ ಮೇಲೆ ಒಂದು ಬಿಂದಿಗೆ ನೀರು ಬಿತ್ತು. ಮಾವಿನೆಲೆ ಇಳಿಯಿತು. ಬೀದಿಯ ಹೆಂಗಸರು ಬಂದು ಜಗಲಿಯ ಮೇಲೆ ಕೂತರು.

ಹನ್ನೊಂದೂ ಮುಕ್ಕಾಲಿಗೆ ಹತ್ತು ನಿಮಿಷವಿರುವಾಗ ಕಾರು ಕುಣಿಗಲ್ ಕೆರೆ ಏರಿಯ ಪಕ್ಕ ಹಾದು ಬೀದಿಗೆ ತಿರುಗಿತು. ಗೆದ್ದೆ ಎಂದುಕೊಂಡ ಚಿಕ್ಕಮಾರಯ್ಯ. ಒಂದು ಉದ್ದನೆಯ ಹಾರನ್ನು ಹೊಡೆದ. ಉತ್ತರವಾಗಿ ಓಬಳಯ್ಯನ ಮನೆಯ ಮುಂದೆ ಹೋ ಎಂದು ಗೋಳು ಎದ್ದಿತು.

ಕಿಂಡಿಯಲ್ಲಿ ನೋಡಿದ ಹೊಂಬಾಳಮ್ಮ ಟವಲು ಕೈಬಿಟ್ಟಳು. "ಅಯ್ಯೋ, ರಂಗೋಲಿ ಇಲ್ಲ, ತೋರಣ ಇಲ್ಲ. ಜನ ಅಳ್ತಾವ್ರೆ ಕಣ್ರೀ. ಬೀಗರ ಮನೇಲಿ ಯಾರೋ ಹೋಗ್ಬುಟ್ಟವ್ರೆ!"

ಆ ಗೋಳಿಗೆ ನರಸಿಂಹಮ್ಮನಿಗೂ ಎಚ್ಚರವಾಯಿತು. ಸಾವಿನ ಮನೆಗೆ ಹೋದ ಹೆಂಗಸು ಹೊಸಲ ಹೊರಗೇ ಸೆರಗು ಮುಖಕ್ಕೆ ಹಾಕಿ, ಅಳುವವರನ್ನು ತಬ್ಬಿಕೊಂಡು, ತಾನೂ ಒಂದೆರಡು ಮಾತು ಹಾಡಿಕೊಂಡು ಅಳಬೇಕು. ಯಾರು ಸತ್ತರು, ಹೇಗೆ ಸತ್ತರು ಎಂದು ಕೇಳುವುದು ಆಮೇಲೆ. ಎಂಬತ್ತು ವರ್ಷದ ರೂಢಿ. ಮಗ ಗೇರು ಬಿಡಿಸುವ ಮೊದಲೇ ಮುದುಕಿ ಬಾಗಿಲು ತೆಗೆದು ಇಳಿದು, ಸೆರಗು ಮುಖದ ಮೇಲೆಳೆದು, ಹಾಗೇ ಸೆರಗು ಹಾಕಿಕೊಂಡು ಎದುರು ಬಂದ ಗಂಗಾಂಬಿಕೆಯ ಕೊರಳಿಗೆ ಬಿದ್ದಳು.

"ಹೋಗ್ಬುಟ್ಯಲ್ಲವ್ವೋ, ನನ್ನವ್ವೋ!" ಎಂದು ಗಂಗಾಂಬಿಕೆ ರಾಗ ತೆಗೆದಳು.

"ನನಗಿಂತ ಮುಂಚೇನೇ ಹೋಗ್ಬುಟ್ಯಲ್ಲೇ, ನನ್ ತಾಯೇ!" ಎಂದು ನರಸಿಂಹಮ್ಮ ದನಿ ಕೂಡಿಸಿದಳು.

"ಯಾರಿಗೂ ಒಂದ್ ಕೆಟ್ ಮಾತಾಡ್ದೋಳಲ್ಲವ್ವೋ!"

"ಅಂಥೋರು ಈಗ ಎಲ್ಲವ್ವ ಸಿಕ್ತಾರೇ!"

"ನೂರಾರು ಬಾಣಂತನ ಮಾಡಿದ ಕೈಯಲ್ಲವ್ವೋ!"

ನರಸಿಂಹಮ್ಮ ಒಂದು ಗಳಿಗೆ ತಡೆದಳು. ಈ ಸೀಮೆಯಲ್ಲಿ ತನ್ನ ಹಾಗೆ ಬಾಣಂತನ ಮಾಡಿಸುವವಳು ಇನ್ನೊಬ್ಬಳಿದ್ದದ್ದು ಅವಳಿಗೆ ತಿಳಿದಿರಲಿಲ್ಲ. ಆದರೂ ಸತ್ತವಳ ಮೇಲೆ ಹೊಟ್ಟೆಕಿಚ್ಚು ಸಲ್ಲದೆಂದು ಇನ್ನೂ ಜೋರಾಗಿ ಅತ್ತಳು. ಬೀದಿಯ ಹೆಂಗಸರೂ ಸೇರಿಕೊಂಡರು. ಹೊಂಬಾಳಮ್ಮ ಅಳಬೇಕೆಂದಿದ್ದರೂ ಸಾರಿನ ಪಾತ್ರೆ ಎಲ್ಲಿಡುವುದೆಂದು ತಿಳಿಯದೆ ನಿಂತಿದ್ದಳು.

ಗಂಡಸರ ಕಡೆ ಚಿಕ್ಕಮಾರಯ್ಯ ಓಬಳಯ್ಯನ ಎರಡೂ ಕೈ ಹಿಡಿದುಕೊಂಡು ತಗ್ಗಿದ ದನಿಯಲ್ಲಿ, "ಯಾವಾಗಾಯ್ತು ಬೀಗ್ರೆ?" ಎಂದ.

"ಅದನ್ನ ನೀವೇ ಹೇಳ್ಬೇಕು. ಗುಬ್ಬಿ ಹತ್ರಾನಾ, ಹಿಂದೇನಾ?"

"ಗುಬ್ಬೀಲಾ? ಆಸ್ಪತ್ರೆಗೆ ಸೇರ್ಸಿದ್ರಾ?"

"ಸೇರ್ಸೋದು ನೀವು. ನಾವ್ ಹೆಂಗೆ ಸೇರ್ಸಾನ?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ದುಃಖಕ್ಕೆ ಬೀಗರ ತಲೆ ಕೆಟ್ಟಿದೆ ಎಂದು ಇಬ್ಬರೂ ಅಂದುಕೊಂಡರು. ಅಷ್ಟರಲ್ಲಿ ಗಂಗಾಂಬಿಕೆ ಮೂಗೊರೆಸಿಕೊಳ್ಳಲೆಂದು ಸೆರಗು ಸರಿಸಿ, ಇಷ್ಟು ಹೊತ್ತು ತಬ್ಬಿಕೊಂಡಿದ್ದವಳು ಯಾರೆಂದು ನೋಡಿದಳು. ಅವಳ ಕೂಗು ಕೆರೆಯ ಆಚೆ ದಡಕ್ಕೆ ಕೇಳಿತು. ಜಗಲಿಯ ಮೇಲಿದ್ದ ಹೆಂಗಸರು ಒಂದೇ ನೆಗೆತಕ್ಕೆ ನಡುಮನೆ ಸೇರಿದರು.

"ಯಾಕವ್ವ, ಇನ್ನೂ ಯಾರಾದ್ರೂ ಹೋದ್ರಾ?" ಎಂದಳು ನರಸಿಂಹಮ್ಮ.

ಗಂಗಾಧರನ ಫೋನು, ಸೇವಂತಿಗೆ ಹಾರ, ಗದ್ದಕ್ಕೆ ಕಟ್ಟಿದ ಬಟ್ಟೆ, ಒಂದೊಂದಾಗಿ ಬಿಚ್ಚಿಕೊಂಡವು. ಬದುಕಿರುವ ಹಿರಿಯಳಿಗೆ ಗೋಳಾಡಿ, ಶುಭಕ್ಕೆ ಹಾಕಿದ ರಂಗೋಲಿ ಅಳಿಸಿದ್ದಾರೆ. ಇದಕ್ಕೆ ಸೂತಕವುಂಟೋ ಇಲ್ಲವೋ ಎಂದು ಯಾರಿಗೂ ಗೊತ್ತಿರಲಿಲ್ಲ. ಜಗಲಿಯ ಒಬ್ಬಳು, "ಅತ್ತಿದ್ದಂತೂ ಅತ್ತಾಯ್ತು. ತಲೆಗೆ ನೀರು ಹಾಕ್ಕೊಳ್ದೆ ಕೂಸು ಮುಟ್ಟಂಗಿಲ್ಲ" ಎಂದಳು. ಇನ್ನೊಬ್ಬಳು ನಾಳೆ ಒಳ್ಳೇ ಹೊತ್ತು ನೋಡಿ ಎಂದಳು. ಚಿಕ್ಕಮಾರಯ್ಯ ಮೊಬೈಲು ನೋಡಿದ. ಹನ್ನೆರಡಕ್ಕೆ ಏಳು ನಿಮಿಷ. ಮೂರು ವರ್ಷ ಎದೆಯಲ್ಲಿ ಕಟ್ಟಿಕೊಂಡಿದ್ದದ್ದು ಆ ಏಳು ನಿಮಿಷದಲ್ಲಿ ಹೊಸಲ ಹೊರಗೇ ನಿಂತಿತ್ತು. ಕಾರಿನೊಳಗೆ ಕೂಸು ಅಳಲು ಶುರುಮಾಡಿತು. ಚಿಕ್ಕಮಾರಯ್ಯ ಹಾಲಿಗೆ ನೀರು ಬೆರೆಸಿ ಸಿಕ್ಕಿಬಿದ್ದವರ ಹಾಗೆ ನಿಂತ.

ನರಸಿಂಹಮ್ಮ ಗದ್ದದ ಬಟ್ಟೆಯ ಗಂಟು ಬಿಚ್ಚಿ, ಕಿವಿಯ ಹತ್ತಿ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಸತ್ತೋಳು ಯಾರು? ನಾನು ತಾನೆ? ಸೂತಕ ಅಂತಿದ್ರೆ ನನ್ದು. ನಾನೇ ಇಲ್ಲಿ ನಿಂತು ಹೇಳ್ತಿದೀನಿ, ಇಲ್ಲ. ಆರತಿ ಕಲಸ್ರೇ!"

ಗಂಗಾಂಬಿಕೆ ಒಳಗೋಡಿದಳು. ಒಬ್ಬಳು ಒದ್ದೆ ನೆಲದ ಮೇಲೇ ನಾಲ್ಕು ಗೆರೆ ರಂಗೋಲಿ ಎಳೆದಳು. ಸಿದ್ಧಾರ್ಥ್ ಕೆಳಗೆ ಬಿದ್ದಿದ್ದ ಮಾವಿನೆಲೆ ಕೈಯಲ್ಲೇ ಬಾಗಿಲಿಗೆ ಹಿಡಿದು ನಿಂತ. ಕುಂಕುಮ ಸಿಕ್ಕಿತು, ಸುಣ್ಣ ಸಿಗಲಿಲ್ಲ. ಸುಣ್ಣ ಸಿಕ್ಕಿತು, ತಟ್ಟೆ ಬಚ್ಚಲಲ್ಲಿತ್ತು. ನೇತ್ರಾವತಿ ಕಂಬಳಿಯಿಂದ ಹೊರಬಂದು ಕೂಸನ್ನೆತ್ತಿಕೊಂಡು ಹೊಸಲ ಮುಂದೆ ನಿಂತಳು. ಆರತಿ ಬಂದಾಗ ನಡುಮನೆಯ ಗೋಡೆ ಗಡಿಯಾರದಲ್ಲಿ ಹನ್ನೆರಡು ದಾಟಿ ಎರಡು ನಿಮಿಷ.

ಎಲ್ಲರೂ ಅದನ್ನು ನೋಡಿದರು. ಚಿಕ್ಕಮಾರಯ್ಯನೂ ನೋಡಿ ಮುಖ ಇಳಿಸಿದ.

ಓಬಳಯ್ಯ ಒಳಗೆ ಹೋಗಿ, ಸ್ಟೂಲು ಎಳೆದು, ಹತ್ತಿ, ಮುಳ್ಳನ್ನು ಬೆರಳಿನಿಂದ ಹಿಂದಕ್ಕೆ ತಳ್ಳಿ ಹನ್ನೆರಡಕ್ಕೆ ಐದು ನಿಮಿಷಕ್ಕೆ ನಿಲ್ಲಿಸಿದ.

"ಈ ಗಡಿಯಾರ ಯಾವಾಗ್ಲೂ ಮುಂದೆ" ಎಂದ ಇಳಿಯುತ್ತ. "ಬಲಗಾಲಿಟ್ಟು ಬಾರವ್ವ."

ಕೂಸು ಹೊಸಲು ದಾಟಿತು.

ಮಧ್ಯಾಹ್ನ ಪಂಕ್ತಿ ಕೂತಾಗ ಮುದ್ದೆಯ ಜೊತೆಗೆ ಹಿತಕಿದ ಬೇಳೆ ಸಾರು ಬಂತು. ಅಷ್ಟು ಹೊತ್ತಿಗೂ ಬಿಸಿಯಾಗಿಯೇ ಇತ್ತು. ನರಸಿಂಹಮ್ಮನ ಎಲೆಯ ಸುತ್ತ ಹೆಂಗಸರು ಕೂತಿದ್ದರು. ಅವಳು ಗಂಗಾಂಬಿಕೆಯನ್ನು ಕರೆದು, "ಬಾಣಂತನದ್ ಆದ್ಮೇಲೆ ಇನ್ನೇನೋ ಹಾಡಕ್ಕೆ ಹೊರಟಿದ್ದಲ್ಲ, ಅದೇನು? ಈಗ್ಲೇ ಹೇಳ್ಬುಡು. ಆಮೇಲೆ ನಂಗೆ ಕೇಳಿಸ್ತದೋ ಇಲ್ವೋ" ಎನ್ನುತ್ತಿದ್ದಳು.

ಗಂಡಸರ ಸಾಲಿನಲ್ಲಿ ಓಬಳಯ್ಯನ ಪಕ್ಕಕ್ಕೆ ತಾಲ್ಲೂಕು ಕಚೇರಿಯ ಗುಮಾಸ್ತರೊಬ್ಬರು ಕೂತಿದ್ದರು. ಊರಿಗೆ ಹೊಸಬರು. ಎದುರಿಗಿದ್ದ ಚಿಕ್ಕಮಾರಯ್ಯನನ್ನು ತೋರಿಸಿ, "ಇವರು ಯಾರು ಗೊತ್ತಾಗ್ಲಿಲ್ಲ" ಎಂದರು.

ಓಬಳಯ್ಯ ಕೈಯಲ್ಲಿದ್ದ ಮುದ್ದೆ ಎಲೆಗಿಟ್ಟ. "ಇವ್ರಾ? ಇವ್ರು ನಮ್ ಬೀಗ್ರು" ಎಂದ. ಬಾಯಿ ಮುಂದಿನ ಮಾತಿಗೆ ಅಭ್ಯಾಸದಂತೆ ತೆರೆಯಿತು. ಚಿಕ್ಕಮಾರಯ್ಯ ನುಂಗುವುದನ್ನು ನಿಲ್ಲಿಸಿ ಕಾದ. ಓಬಳಯ್ಯ ಹೆಂಗಸರ ಸಾಲಿನ ಕಡೆ ಒಮ್ಮೆ ನೋಡಿದ. ಸತ್ತಿದ್ದವಳು ಎರಡನೇ ಮುದ್ದೆ ಮುರಿಯುತ್ತಿದ್ದಳು.

"ಹಾಗಲವಾಡಿಯೋರು. ಕಾರಲ್ಲಿ ಬಂದವ್ರೆ" ಎಂದು ಓಬಳಯ್ಯ ಸಾರಿಗೆ ಕೈಹಾಕಿದ.

ಚಿಕ್ಕಮಾರಯ್ಯ ಬಡಿಸುವವನನ್ನು ಕರೆದು, ನಿಧಾನವಾಗಿ, ಇನ್ನೊಂದು ಮುದ್ದೆ ಹಾಕಿಸಿಕೊಂಡ.